ಊರ ನಾಯಿಗೆ ಲಸಿಕೆ, ಊರ ಮಕ್ಕಳಿಗೆ ರಕ್ಷೆ





ನಮ್ಮ ಆಸ್ಪತ್ರೆಯ ಇಂಜೆಕ್ಷನ್ ಕೊಠಡಿಗೆ ನಾಯಿ ಕಚ್ಚಿಸಿಕೊಂಡವರು ಬಾರದ ದಿನ ಅಪರೂಪ. ಹೊಲಕ್ಕೆ ಹೊರಟ ಹೆಣ್ಣುಮಗಳು, ಹಾಲು ಹಾಕಲು ಹೋದ ಹುಡುಗ, ಅಂಗಳದಲ್ಲಿ ಆಡುತ್ತಿದ್ದ ಮಗು, ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜ ಹೀಗೆ ಎಲ್ಲ ವಯಸ್ಸಿನವರೂ ಬರುತ್ತಾರೆ. ಮೊದಲ ದಿನ ಎಲ್ಲರೂ ಗಾಬರಿಯಿಂದ ಬರುತ್ತಾರೆ. ಮೂರನೆಯ ದಿನಕ್ಕೆ ಕೆಲವರು ಕಡಿಮೆಯಾಗುತ್ತಾರೆ. ಕೊನೆಯ ಸೂಜಿಯ ಹೊತ್ತಿಗೆ ಇನ್ನೂ ಕೆಲವರು ಬರುವುದನ್ನೇ ಬಿಟ್ಟಿರುತ್ತಾರೆ. "ಸಿಸ್ಟರ್, ಗಾಯ ಮಾಯ್ದದರಿ, ಇನ್ನೂ ಸೂಜಿ ಯಾಕ್ರಿ?" ಎಂದು ಕೇಳುವವರು ಬಹಳ ಜನ.

ಈ ಲೇಖನದಲ್ಲಿ ಎರಡು ವಿಷಯ ತಿಳಿಸಬೇಕಾಗಿದೆ. ಕಚ್ಚಿಸಿಕೊಂಡವರು ಏನು ಮಾಡಬೇಕು ಎಂಬುದು ಒಂದು. ಅದು ಜೀವ ಉಳಿಸುವ ಮಾತು. ಇನ್ನೊಂದು, ಈ ರೋಗ ನಿಮ್ಮೂರಿಗೇ ಬಾರದಂತೆ ಮಾಡುವುದು ಹೇಗೆ ಎಂಬುದು. ಮೊದಲನೆಯದನ್ನು ಆಸ್ಪತ್ರೆ ಮಾಡಬಲ್ಲದು. ಎರಡನೆಯದನ್ನು ಊರಿನ ಜನರೇ ಮಾಡಬೇಕು. ವಾರ್ಡಿನಲ್ಲಿ ಕುಳಿತಿರುವ ಈ ಹೊತ್ತಿನಲ್ಲಿ ನಿಧಾನವಾಗಿ ಓದಿರಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿರಿ.

ರೇಬೀಸ್ ಎಂದರೇನು?

ರೇಬೀಸ್ ಅಥವಾ ಹುಚ್ಚುನಾಯಿ ರೋಗ ಒಂದು ವೈರಾಣುವಿನಿಂದ ಬರುತ್ತದೆ. ರೋಗ ಹತ್ತಿದ ಪ್ರಾಣಿಯ ಜೊಲ್ಲಿನಲ್ಲಿ ಈ ವೈರಾಣು ಇರುತ್ತದೆ. ಕಚ್ಚಿದಾಗ, ಪರಚಿದಾಗ ಅಥವಾ ಗಾಯದ ಮೇಲೆ ನೆಕ್ಕಿದಾಗ ಅದು ನಮ್ಮ ದೇಹ ಸೇರುತ್ತದೆ. ಬೆಕ್ಕು, ಮಂಗ, ನರಿ, ತೋಳ, ಮುಂಗುಸಿ, ದನಕರುಗಳಿಂದಲೂ ಬರಬಹುದು. ಆದರೆ ಪ್ರಪಂಚದಲ್ಲಿ ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99 ಪಾಲು ನಾಯಿಯಿಂದಲೇ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ದೇಹ ಸೇರಿದ ವೈರಾಣು ರಕ್ತದಲ್ಲಿ ಓಡಾಡುವುದಿಲ್ಲ. ನರದ ದಾರಿ ಹಿಡಿದು ನಿಧಾನವಾಗಿ ಮಿದುಳಿನ ಕಡೆಗೆ ಸಾಗುತ್ತದೆ. ಸಾಮಾನ್ಯವಾಗಿ ಇದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಕೆಲವರಲ್ಲಿ ಒಂದು ವಾರ ಸಾಕು, ಕೆಲವರಲ್ಲಿ ಒಂದು ವರ್ಷವಾಗಬಹುದು. ಮುಖ, ಕುತ್ತಿಗೆ, ಕೈಬೆರಳುಗಳಿಗೆ ಕಚ್ಚಿದ್ದರೆ ಬೇಗ ತಲುಪುತ್ತದೆ. ಚಿಕ್ಕ ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ಮುಖಕ್ಕೇ ಬರುತ್ತದೆ. ಆದ್ದರಿಂದ ಮಕ್ಕಳ ವಿಷಯದಲ್ಲಿ ಒಂದು ದಿನವನ್ನೂ ಕಳೆಯಬಾರದು.

ವೈರಾಣು ಮಿದುಳನ್ನು ತಲುಪಿದ ಮೇಲೆ ಜ್ವರ, ಕಚ್ಚಿದ ಜಾಗದಲ್ಲಿ ಜುಮುಜುಮು, ನೀರು ಕಂಡರೆ ಗಂಟಲು ಬಿಗಿಯುವುದು, ಗಾಳಿ ಬೀಸಿದರೂ ಬೆಚ್ಚಿ ಬೀಳುವುದು ಮುಂತಾದ ಲಕ್ಷಣಗಳು ಕಾಣಿಸುತ್ತವೆ. ಲಕ್ಷಣ ಕಾಣಿಸಿದ ನಂತರ ಈ ರೋಗವನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಆಗ ದೊಡ್ಡಾಸ್ಪತ್ರೆಗೆ ಒಯ್ದರೂ ಜೀವ ಉಳಿಯುವುದಿಲ್ಲವೆಂದೇ ತಿಳಿಯಬೇಕು. ಕಚ್ಚಿದ ದಿನದಿಂದ ಲಕ್ಷಣ ಕಾಣುವವರೆಗಿನ ಅವಧಿಯೇ ನಮಗಿರುವ ಅವಕಾಶ. ಗಾಯ ಮಾಯ್ದ ಮೇಲೂ ಸೂಜಿ ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಚರ್ಮ ಮಾಯುತ್ತದೆ, ಆದರೆ ನರದೊಳಗೆ ಸೇರಿದ ವೈರಾಣು ಪ್ರಯಾಣ ನಿಲ್ಲಿಸಿರುವುದಿಲ್ಲ.

ಭಾರತದಲ್ಲಿ 2022ರಿಂದ 2023ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಮನೆಮನೆಗೆ ಹೋಗಿ ಒಂದು ಸಮೀಕ್ಷೆ ನಡೆಸಿದರು. ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಜನರಿಗೆ ಪ್ರಾಣಿ ಕಡಿತವಾಗುತ್ತದೆ, ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ನಾಯಿ ಕಡಿತ, ಸುಮಾರು 5,700 ಜನ ರೇಬೀಸ್‌ನಿಂದ ಸಾಯುತ್ತಾರೆ ಎಂದು ಅಂದಾಜು ಮಾಡಿದರು. ನಾಯಿ ಕಚ್ಚಿಸಿಕೊಂಡ ಐದು ಜನರಲ್ಲಿ ಒಬ್ಬರು ಒಂದೂ ಸೂಜಿ ಹಾಕಿಸಿಕೊಂಡಿರಲಿಲ್ಲ ಎಂಬುದು ಆ ಸಮೀಕ್ಷೆಯಲ್ಲಿ ಕಂಡುಬಂದ ದುಃಖದ ಸಂಗತಿ.

ಕಚ್ಚಿದ ಕೂಡಲೇ ಮನೆಯಲ್ಲಿ ಮಾಡಬೇಕಾದದ್ದು

1. ಗಾಯವನ್ನು ಹರಿಯುವ ನೀರಿನಲ್ಲಿ, ಸೋಪು ಹಚ್ಚಿ, ಪೂರ್ತಿ 15 ನಿಮಿಷ ತೊಳೆಯಿರಿ. ನಳವಿಲ್ಲದಿದ್ದರೆ ಒಬ್ಬರು ಚೊಂಬಿನಿಂದ ನೀರು ಸುರಿಯುತ್ತಿರಲಿ. ಬಟ್ಟೆ ಸೋಪು, ಮೈ ಸೋಪು ಯಾವುದಾದರೂ ನಡೆಯುತ್ತದೆ. ಈ ವೈರಾಣುವಿನ ಮೇಲೆ ಜಿಡ್ಡಿನ ಹೊದಿಕೆ ಇರುತ್ತದೆ. ಪಾತ್ರೆಯ ಜಿಡ್ಡನ್ನು ಸೋಪು ತೆಗೆಯುವಂತೆ ಆ ಹೊದಿಕೆಯನ್ನೂ ಕರಗಿಸುತ್ತದೆ. ಹೊದಿಕೆ ಹೋದರೆ ವೈರಾಣು ಸಾಯುತ್ತದೆ.

2. ಮನೆಯಲ್ಲಿ ಪೊವಿಡೋನ್ ಅಯೋಡಿನ್ ದ್ರಾವಣವಿದ್ದರೆ ತೊಳೆದ ನಂತರ ಹಚ್ಚಿರಿ.

3. ಖಾರದ ಪುಡಿ, ಸುಣ್ಣ, ಅರಿಶಿನ, ಕಾಫಿ ಪುಡಿ, ಸೀಮೆ ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿ. ಇವು ಗಾಯವನ್ನು ಕೆರಳಿಸಿ ವೈರಾಣುವನ್ನು ಇನ್ನೂ ಒಳಗೆ ತಳ್ಳಬಹುದು.

4. ಬಟ್ಟೆ ಬಿಗಿದು ಕಟ್ಟಬೇಡಿ. ಹೊಲಿಗೆ ಹಾಕಿಸಲು ಅವಸರ ಮಾಡಬೇಡಿ.

5. ಅದೇ ದಿನ ಆಸ್ಪತ್ರೆಗೆ ಬನ್ನಿರಿ. ಅಮಾವಾಸ್ಯೆ, ಜಾತ್ರೆ, ಬಿತ್ತನೆ, ಸುಗ್ಗಿ ಎಂದು ಮುಂದೂಡಬೇಡಿ. ತಡವಾಗಿದ್ದರೂ ಬನ್ನಿರಿ. ಹದಿನೈದು ದಿನವಾಯಿತು, ಇನ್ನೇನು ಉಪಯೋಗ ಎಂದು ಮನೆಯಲ್ಲಿ ಕೂರಬೇಡಿ.

ಸೂಜಿಗಳ ಲೆಕ್ಕ

ಹಿಂದೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕುತ್ತಿದ್ದರು ಎಂಬ ಹೆದರಿಕೆ ಹಿರಿಯರಲ್ಲಿ ಇನ್ನೂ ಇದೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು 2005ರಿಂದೀಚೆಗೆ ನಮ್ಮ ದೇಶದಲ್ಲಿ ಬಳಸುತ್ತಿಲ್ಲ. ಈಗಿನ ಲಸಿಕೆಯನ್ನು ತೋಳಿಗೆ ಹಾಕುತ್ತೇವೆ, ಚಿಕ್ಕ ಮಕ್ಕಳಿಗೆ ತೊಡೆಯ ಮುಂಭಾಗಕ್ಕೆ ಹಾಕುತ್ತೇವೆ. ಕುಂಡಿಗೆ ಹಾಕುವುದಿಲ್ಲ, ಅಲ್ಲಿ ಹಾಕಿದರೆ ಪರಿಣಾಮ ಕಡಿಮೆ.

ಚರ್ಮದೊಳಗೆ ಹಾಕುವ ಪದ್ಧತಿಯಲ್ಲಿ ನಾಲ್ಕು ಸಲ ಬರಬೇಕು: 0, 3, 7 ಮತ್ತು 28ನೇ ದಿನ. ಪ್ರತಿ ಸಲವೂ ಎರಡು ತೋಳಿಗೆ ಒಂದೊಂದು ಚಿಕ್ಕ ಸೂಜಿ. ಸ್ನಾಯುವಿಗೆ ಹಾಕುವ ಪದ್ಧತಿಯಲ್ಲಿ ಐದು ಸಲ: 0, 3, 7, 14 ಮತ್ತು 28ನೇ ದಿನ. ನಿಮಗೆ ಯಾವ ಪದ್ಧತಿ ಎಂಬುದನ್ನು ಚೀಟಿಯಲ್ಲಿ ಬರೆದು ಕೊಟ್ಟಿರುತ್ತೇವೆ.

ಇಲ್ಲಿ "0 ದಿನ" ಎಂದರೆ ಮೊದಲ ಸೂಜಿ ಹಾಕಿದ ದಿನ. ವಾರದ ಲೆಕ್ಕದಲ್ಲಿ ನೆನಪಿಟ್ಟುಕೊಂಡರೆ ಸುಲಭ. ಮೊದಲ ಸೂಜಿ ಸೋಮವಾರ ಆಗಿದ್ದರೆ ಎರಡನೆಯದು ಅದೇ ವಾರದ ಗುರುವಾರ, ಮೂರನೆಯದು ಮುಂದಿನ ಸೋಮವಾರ, 28ನೇ ದಿನದ್ದು ಮೊದಲ ಸೂಜಿಯಿಂದ ನಾಲ್ಕು ವಾರಕ್ಕೆ ಬರುವ ಸೋಮವಾರ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಗುರುತು ಹಾಕಿರಿ.

ಲಸಿಕೆ ಹಾಕಿದ ಕೂಡಲೇ ದೇಹದಲ್ಲಿ ಶಕ್ತಿ ಹುಟ್ಟುವುದಿಲ್ಲ. ಅದಕ್ಕೆ ಒಂದೆರಡು ವಾರ ಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ, ಅಥವಾ ಗಾಯ, ಕಣ್ಣು, ಬಾಯಿಗೆ ಜೊಲ್ಲು ತಗುಲಿದ್ದರೆ ಆ ಒಂದೆರಡು ವಾರ ಕಾಯುವಂತಿಲ್ಲ. ಅದಕ್ಕಾಗಿ ಸಿದ್ಧ ರೋಗನಿರೋಧಕವಿರುವ ಸೀರಂ ಎಂಬ ಔಷಧವನ್ನು ಗಾಯದ ಸುತ್ತಲೂ ಹಾಕುತ್ತಾರೆ. ನೋವಾಗುತ್ತದೆ, ಮಗು ಅಳುತ್ತದೆ. ಆದರೂ ತಾಯಂದಿರು ದಯವಿಟ್ಟು ಬೇಡವೆನ್ನಬೇಡಿ. ಮೊದಲ ಲಸಿಕೆಯಾಗಿ 7 ದಿನ ಕಳೆದ ಮೇಲೆ ಸೀರಂ ಕೊಡುವುದಿಲ್ಲ. ಆದ್ದರಿಂದ ಬೇರೆ ಕಡೆ ಮೊದಲ ಸೂಜಿ ಹಾಕಿಸಿಕೊಂಡು ಸೀರಂ ಸಿಗದೆ ಬಂದವರು ತಡಮಾಡದೆ ತಿಳಿಸಿರಿ.

ಹುಚ್ಚು ಹಿಡಿದ ನಾಯಿಯ ಗುರುತು

ಎಲ್ಲ ಹುಚ್ಚುನಾಯಿಗಳೂ ಬೊಗಳುತ್ತಾ ಓಡಾಡಿ ಕಚ್ಚುವುದಿಲ್ಲ. ಈ ರೋಗಕ್ಕೆ ಎರಡು ರೂಪಗಳಿವೆ.

ಕೆರಳಿದ ರೂಪದಲ್ಲಿ ನಾಯಿ ಕಾರಣವಿಲ್ಲದೆ ಎದುರಿಗೆ ಬಂದದ್ದನ್ನು ಕಚ್ಚುತ್ತದೆ. ಕಲ್ಲು, ಕಟ್ಟಿಗೆ, ಮಣ್ಣನ್ನೂ ಕಚ್ಚಬಹುದು. ಧ್ವನಿ ಒಡೆದಂತಾಗುತ್ತದೆ, ತನ್ನ ಓಣಿ ಬಿಟ್ಟು ದೂರ ದೂರ ಅಲೆಯುತ್ತದೆ.

ಮಂಕು ರೂಪದಲ್ಲಿ ನಾಯಿ ಕತ್ತಲೆಯ ಮೂಲೆ ಸೇರುತ್ತದೆ. ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತದೆ. ನೋಡಿದವರಿಗೆ ಗಂಟಲಲ್ಲಿ ಎಲುಬು ಸಿಕ್ಕಿಕೊಂಡಂತೆ ಕಾಣುತ್ತದೆ. ಕನಿಕರದಿಂದ ಬಾಯಿಯೊಳಗೆ ಕೈ ಹಾಕುವುದು ಬಹಳ ಅಪಾಯ. "ಅದು ನೀರು ಕುಡಿಯಿತು, ಹಾಗಾಗಿ ಹುಚ್ಚು ಅಲ್ಲ" ಎಂಬ ಮಾತನ್ನೂ ನಂಬಬೇಡಿ. ನೀರಿನ ಹೆದರಿಕೆ ಮನುಷ್ಯರಲ್ಲಿ ಕಾಣುವ ಲಕ್ಷಣ. ಹುಚ್ಚು ಹಿಡಿದ ನಾಯಿ ನೀರಿಗೆ ಬಾಯಿ ಹಾಕಬಹುದು.

ಜೊಲ್ಲಿನಲ್ಲಿ ವೈರಾಣು ಇರುವ ನಾಯಿ ಸಾಮಾನ್ಯವಾಗಿ 10 ದಿನದೊಳಗೆ ಸಾಯುತ್ತದೆ. ಆದ್ದರಿಂದ ಕಚ್ಚಿದ ನಾಯಿ ಮನೆಯದೋ ಪರಿಚಯದ್ದೋ ಆಗಿದ್ದರೆ ಅದನ್ನು ಹೊಡೆದು ಕೊಲ್ಲದೆ 10 ದಿನ ಕಟ್ಟಿಹಾಕಿ ನೋಡಿರಿ. ಆದರೆ ನಾಯಿಯನ್ನು ನೋಡುತ್ತಾ ಸೂಜಿಯನ್ನು ನಿಲ್ಲಿಸಬೇಡಿ. ಎರಡೂ ಒಟ್ಟಿಗೆ ನಡೆಯಲಿ. ಹತ್ತು ದಿನದ ನಂತರವೂ ನಾಯಿ ಆರೋಗ್ಯವಾಗಿದ್ದರೆ ಮುಂದಿನ ಸೂಜಿಯ ವಿಷಯವನ್ನು ವೈದ್ಯರು ತೀರ್ಮಾನಿಸುತ್ತಾರೆ.

ನಾಯಿಗಳನ್ನು ಕೊಂದರೆ ರೋಗ ಹೋಗುವುದೇ?

ಒಂದು ಊರಿನಲ್ಲಿ ನಾಲ್ಕು ಜನರಿಗೆ ನಾಯಿ ಕಚ್ಚಿದರೆ, ಬಡಿಗೆ ಹಿಡಿದು ಎಲ್ಲ ನಾಯಿಗಳನ್ನೂ ಮುಗಿಸಿಬಿಡೋಣ ಎಂದು ಹೊರಡುವುದು ಸಹಜ. ಮಗುವಿನ ಗಾಯ ಕಂಡವರ ಸಿಟ್ಟು ನಮಗೂ ಅರ್ಥವಾಗುತ್ತದೆ. ಆದರೆ ಹೀಗೆ ಮಾಡಿ ರೋಗ ತೊಲಗಿಲ್ಲ ಎಂಬುದಕ್ಕೆ ಬೇರೆ ದೇಶಗಳ ಅನುಭವ ಸಾಕ್ಷಿಯಾಗಿದೆ.

ಇಂಡೋನೇಷ್ಯಾ ದೇಶದ ಫ್ಲೋರೆಸ್ ಎಂಬ ದ್ವೀಪದಲ್ಲಿ ಮೊದಲು ರೇಬೀಸ್ ಇರಲಿಲ್ಲ. 1997ರಲ್ಲಿ ಬೇರೆ ದ್ವೀಪದಿಂದ ಬಂದ ನಾಯಿಗಳ ಜೊತೆ ರೋಗವೂ ಬಂತು. ಆಡಳಿತದವರು ದ್ವೀಪದ ಹೆಚ್ಚುಕಡಿಮೆ ಅರ್ಧದಷ್ಟು ನಾಯಿಗಳನ್ನು ಕೊಲ್ಲಿಸಿದರು. ರೋಗ ಮಾತ್ರ ಉಳಿಯಿತು. ಅದೇ ದೇಶದ ಬಾಲಿ ದ್ವೀಪಕ್ಕೆ 2008ರಲ್ಲಿ ರೋಗ ಬಂದಾಗಲೂ ಮೊದಲು ನಾಯಿಗಳನ್ನು ಕೊಂದರು, ರೋಗ ದ್ವೀಪದ ತುಂಬ ಹರಡಿತು. 2010ರಲ್ಲಿ ದ್ವೀಪದಾದ್ಯಂತ ನಾಯಿಗಳಿಗೆ ಲಸಿಕೆ ಹಾಕಲು ತೊಡಗಿದ ಮೇಲೆ ಮನುಷ್ಯರ ಸಾವು ಇಳಿಯಿತು.

ಹೀಗಾಗಲು ಕಾರಣಗಳಿವೆ. ಊರಿನ ಹತ್ತು ನಾಯಿಗಳನ್ನು ಕೊಂದರೂ ತಿಪ್ಪೆಯಲ್ಲಿ ಬೀಳುವ ಅನ್ನ ಕಡಿಮೆಯಾಗುವುದಿಲ್ಲ. ಆ ಅನ್ನಕ್ಕೆ ಪಕ್ಕದ ಊರಿನ ನಾಯಿಗಳು ಬರುತ್ತವೆ, ಉಳಿದ ಹೆಣ್ಣುನಾಯಿಗಳ ಮರಿಗಳು ಹೆಚ್ಚು ಬದುಕುತ್ತವೆ. ಹೊಸದಾಗಿ ಬಂದ ನಾಯಿಗಳಿಗೆ ಲಸಿಕೆ ಆಗಿರುವುದಿಲ್ಲ. ಸಾಲದ್ದಕ್ಕೆ, ಬಡಿಗೆಯ ಕೈಗೆ ಮೊದಲು ಸಿಗುವುದು ಜನರಿಗೆ ಹೊಂದಿಕೊಂಡ, ಕೆಲವೊಮ್ಮೆ ಲಸಿಕೆಯೂ ಆಗಿರುವ ಸೌಮ್ಯ ನಾಯಿ. ಅಟ್ಟಿಸಿಕೊಂಡು ಹೋದ ನಾಯಿಗಳು ಚದುರಿ ರೋಗವನ್ನು ಬೇರೆ ಊರಿಗೂ ಒಯ್ಯಬಹುದು. ನಾಯಿಗಳನ್ನು ಹೀಗೆ ಕೊಲ್ಲುವುದು ನಮ್ಮ ದೇಶದ ಕಾನೂನಿಗೂ ವಿರುದ್ಧ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಮಾಡಿಸುವ ಹೊಣೆ ಸ್ಥಳೀಯ ಸಂಸ್ಥೆಗಳದ್ದು.

ನೂರಕ್ಕೆ ಎಪ್ಪತ್ತು

ರೇಬೀಸ್ ನಾಯಿಯಿಂದ ನಾಯಿಗೆ ದಾಟುತ್ತಾ ಬದುಕುವ ರೋಗ. ಮನುಷ್ಯನಿಗೆ ಬಂದರೆ ಅದು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ನಾಯಿಗಳ ನಡುವಿನ ಸರಪಳಿ ಕಡಿದರೆ ಮನುಷ್ಯರಿಗೆ ಬರುವುದು ತಾನಾಗಿ ನಿಲ್ಲುತ್ತದೆ.

ಈ ಸರಪಳಿ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. ಒಂದು ಹುಚ್ಚುನಾಯಿ ಸಾಯುವ ಮುಂಚೆ ಸರಾಸರಿ ಎರಡಕ್ಕಿಂತ ಕಡಿಮೆ ನಾಯಿಗಳಿಗೆ ರೋಗ ದಾಟಿಸುತ್ತದೆ. ಅದು ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಲಸಿಕೆ ಆಗಿದ್ದರೆ ರೋಗ ಅಲ್ಲಿಗೇ ಮುಗಿಯುತ್ತದೆ. ಪ್ರತಿಯೊಂದು ನಾಯಿಗೂ ಹಾಕಲೇಬೇಕೆಂದಿಲ್ಲ. ನೂರಕ್ಕೆ 70 ನಾಯಿಗಳಿಗೆ ಪ್ರತಿ ವರ್ಷ ಲಸಿಕೆ ಹಾಕಿದರೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಪ್ರತಿ ವರ್ಷ ಏಕೆ? ನಿಮ್ಮೂರಲ್ಲಿ 100 ನಾಯಿಗಳಿವೆ ಎಂದುಕೊಳ್ಳಿ. ಈ ವರ್ಷ 70ಕ್ಕೆ ಲಸಿಕೆ ಆಯಿತು. ಬೀದಿನಾಯಿಗಳ ಆಯುಷ್ಯ ಕಡಿಮೆ. ವಾಹನಕ್ಕೆ ಸಿಕ್ಕಿ, ಕಾಯಿಲೆ ಬಿದ್ದು ವರ್ಷದಲ್ಲಿ ನೂರಕ್ಕೆ 30 ಸತ್ತು, ಅಷ್ಟೇ ಹೊಸ ಮರಿಗಳು ಹುಟ್ಟಿದವು ಎಂದು ಲೆಕ್ಕ ಹಾಕೋಣ. ಆಗ ವರ್ಷದ ಕೊನೆಗೆ ಲಸಿಕೆ ಆದವು 49 ಉಳಿಯುತ್ತವೆ. ಮರುವರ್ಷ ಹಾಕದೆ ಬಿಟ್ಟರೆ ಅವು 34ಕ್ಕೆ ಇಳಿಯುತ್ತವೆ. ಲಸಿಕೆಯಾದ ನಾಯಿಗಳ ಪಾಲು ನೂರಕ್ಕೆ ಸುಮಾರು 45ರ ಮೇಲೆ ಉಳಿದರೆ ರೋಗಕ್ಕೆ ಹರಡುವ ದಾರಿ ಸಿಗದು ಎಂದು ಅಧ್ಯಯನಗಳು ತಿಳಿಸುತ್ತವೆ. ಒಂದು ವರ್ಷ ಉತ್ಸಾಹದಿಂದ ಹಾಕಿಸಿ ಮುಂದಿನ ವರ್ಷ ಮರೆತರೆ ಬಾಗಿಲು ಮತ್ತೆ ತೆರೆದಂತೆಯೇ.

ಸಂತಾನಹರಣ ಶಸ್ತ್ರಚಿಕಿತ್ಸೆಯೂ ಬೇಕು. ಅದರಿಂದ ನಾಯಿಗಳ ಸಂಖ್ಯೆ, ಬೆದೆಗಾಲದ ಜಗಳ, ಮರಿಹಾಕಿದ ನಾಯಿಯ ಕಡಿತ ಕಡಿಮೆಯಾಗುತ್ತವೆ. ಆದರೆ ಅದಕ್ಕೆ ಶಸ್ತ್ರಚಿಕಿತ್ಸೆಯ ಕೊಠಡಿ, ತರಬೇತಾದ ವೈದ್ಯರು, ಹಣ, ವರ್ಷಗಳ ಕಾಲ ಎಲ್ಲವೂ ಬೇಕು. ಲಸಿಕೆಗೆ ಇಷ್ಟೆಲ್ಲ ಬೇಡ. ಒಂದು ಐಸ್ ಪೆಟ್ಟಿಗೆ, ಒಬ್ಬ ಪಶುವೈದ್ಯರು, ನಾಯಿ ಹಿಡಿಯಬಲ್ಲ ನಾಲ್ಕು ಜನ ಇದ್ದರೆ ಒಂದು ಚಿಕ್ಕ ಊರಿನ ಕೆಲಸ ಒಂದೆರಡು ದಿನದಲ್ಲಿ ಮುಗಿಯಬಹುದು. ಶಸ್ತ್ರಚಿಕಿತ್ಸೆಗೆ ಅನುದಾನ ಬರಲಿ ಎಂದು ಲಸಿಕೆಯನ್ನು ಕಾಯಿಸಬಾರದು.

ನಮ್ಮ ನೆರೆಯ ಗೋವಾದ ಉದಾಹರಣೆ

ನಮ್ಮ ಬೆಳಗಾವಿ, ಕಾರವಾರದ ಗಡಿಗೆ ಹೊಂದಿಕೊಂಡಿರುವ ಗೋವಾದಲ್ಲಿ 2013ರಿಂದ ಈ ಕೆಲಸ ನಡೆಯಿತು. ಮಿಷನ್ ರೇಬೀಸ್ ಎಂಬ ಸಂಸ್ಥೆ ಮತ್ತು ಗೋವಾ ಸರ್ಕಾರ ಸೇರಿ ತಂಡಗಳನ್ನು ಕಟ್ಟಿದವು. ತಂಡದವರು ಓಣಿ ಓಣಿ ತಿರುಗಿದರು. ಮನೆಯ ನಾಯಿಗಳನ್ನು ಕೈಯಲ್ಲಿ ಹಿಡಿದು, ಬೀದಿಯವನ್ನು ಬಲೆಯಲ್ಲಿ ಹಿಡಿದು ಲಸಿಕೆ ಹಾಕಿ ಅಲ್ಲೇ ಬಿಟ್ಟರು. ಯಾವ ಓಣಿ ಮುಗಿಯಿತು, ಯಾವುದು ಉಳಿಯಿತು ಎಂಬುದನ್ನು ಮೊಬೈಲಿನಲ್ಲಿ ದಾಖಲಿಸುತ್ತಾ ಹೋದರು. ವರ್ಷಕ್ಕೆ 95 ಸಾವಿರಕ್ಕೂ ಹೆಚ್ಚು ನಾಯಿಗಳಿಗೆ, ಅಂದರೆ ನೂರಕ್ಕೆ 70ರಷ್ಟಕ್ಕೆ ಲಸಿಕೆ ಆಯಿತು. ವರ್ಷಕ್ಕೆ ಒಂದೂವರೆ ಲಕ್ಷ ಶಾಲಾ ಮಕ್ಕಳಿಗೆ ತಿಳಿವಳಿಕೆ ಕೊಟ್ಟರು.

2019ರ ಹೊತ್ತಿಗೆ ಗೋವಾದಲ್ಲಿ ನಾಯಿಗಳ ರೇಬೀಸ್ ನೂರಕ್ಕೆ 92ರಷ್ಟು ಇಳಿದಿತ್ತು, ಮನುಷ್ಯರ ಸಾವು ನಿಂತಿತ್ತು. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ರಾಜ್ಯ ಎಂದು ಘೋಷಿಸಲಾಯಿತು. ಅಲ್ಲಿಯೂ ನಮ್ಮಂತೆಯೇ ಬೀದಿನಾಯಿಗಳಿವೆ, ಮೀನು ಮಾರುಕಟ್ಟೆಗಳಿವೆ, ಹಳ್ಳಿಗಳಿವೆ. ಅಲ್ಲಿ ಆದದ್ದು ನಮ್ಮಲ್ಲಿ ಆಗಬಾರದು ಎಂಬುದಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 11 ಲಕ್ಷಕ್ಕೂ ಹೆಚ್ಚು ಬೀದಿನಾಯಿಗಳಿದ್ದವು. ಲೆಕ್ಕ ದೊಡ್ಡದಾಗಿ ಕಾಣಬಹುದು, ಆದರೆ ಒಂದೊಂದು ಊರಿನ ಪಾಲಿಗೆ ಬರುವುದು ಕೆಲವೇ ನಾಯಿಗಳು.

ನಿಮ್ಮೂರಲ್ಲಿ ಹೇಗೆ ಮಾಡಬೇಕು?

1. ಮೊದಲು ಎಣಿಸಿರಿ. ಮುಂಜಾನೆ ಬೇಗ, ನಾಯಿಗಳು ಓಣಿಯಲ್ಲೇ ಇರುವಾಗ, ಯುವಕ ಸಂಘದವರು ಇಲ್ಲವೇ ಸ್ತ್ರೀಶಕ್ತಿ ಸಂಘದವರು ಓಣಿವಾರು ಎಣಿಸಲಿ. ಹೊಲದ ಕಾವಲು ನಾಯಿಗಳು, ಕುರಿಗಾರರ ನಾಯಿಗಳು, ಮಾಂಸದಂಗಡಿಯ ಹತ್ತಿರದ ನಾಯಿಗಳನ್ನು ಮರೆಯಬೇಡಿ.

2. ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿರಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿರಿ. ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಕಂಡು ದಿನ ಗೊತ್ತುಮಾಡಿಕೊಳ್ಳಿರಿ. ಪ್ರತಿ ವರ್ಷ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. 1885ರಲ್ಲಿ ಒಂಬತ್ತು ವರ್ಷದ ಬಾಲಕನಿಗೆ ರೇಬೀಸ್ ಲಸಿಕೆ ಕೊಟ್ಟ ವಿಜ್ಞಾನಿ ಲೂಯಿ ಪಾಶ್ಚರ್ ತೀರಿಕೊಂಡ ದಿನವದು. ಆ ಸಮಯದಲ್ಲಿ ಪಶು ಆಸ್ಪತ್ರೆಗಳಲ್ಲಿ ಲಸಿಕಾ ಶಿಬಿರಗಳು ನಡೆಯುತ್ತವೆ.

3. ಹಿಂದಿನ ದಿನ ಡಂಗುರ ಸಾರಿಸಿರಿ. ಮನೆಯ ನಾಯಿಗಳನ್ನು ಹಗ್ಗ ಕಟ್ಟಿ ದೊಡ್ಡವರೇ ಕರೆತರಲಿ, ಮಕ್ಕಳ ಕೈಗೆ ಹಗ್ಗ ಕೊಡಬೇಡಿ. ಬೀದಿನಾಯಿಗಳಿಗೂ ದಿನಾ ರೊಟ್ಟಿ ಹಾಕುವ ಒಬ್ಬ ತಾಯಿಯೋ ಅಜ್ಜನೋ ಇದ್ದೇ ಇರುತ್ತಾರೆ. ಅವರು ಕರೆದರೆ ಬರುವ ನಾಯಿ ಬಲೆಗೆ ಬರುವುದಿಲ್ಲ. ಅವರ ಸಹಾಯ ಪಡೆಯಿರಿ. ಯಾರಿಗೂ ಸಿಗದ ನಾಯಿಯನ್ನು ತರಬೇತಾದವರೇ ಹಿಡಿಯಲಿ.

4. ಮರಿಗಳನ್ನು ಬಿಡಬೇಡಿ. ಸಾಕಿದ ಮರಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ನಂತರ ವೈದ್ಯರು ಹೇಳಿದಂತೆ ಮತ್ತೊಂದು, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಬೇಕು. ಊರಿನ ಸಾಮೂಹಿಕ ಶಿಬಿರದಲ್ಲಿ ಚಿಕ್ಕ ಮರಿಗಳಿಗೂ ಹಾಕುವುದು ಒಳ್ಳೆಯದು. ಮಕ್ಕಳು ಎತ್ತಿ ಆಡಿಸುವುದು ಮರಿಗಳನ್ನೇ ಅಲ್ಲವೇ?

5. ಗುರುತು ಹಾಕಿರಿ. ಲಸಿಕೆಯಾದ ನಾಯಿಯ ಬೆನ್ನಿಗೆ ಪಶುವೈದ್ಯರು ಹೇಳಿದ ಬಣ್ಣ ಹಚ್ಚಿರಿ. ಮರುದಿನ ಮತ್ತೆ ಓಣಿ ಓಣಿ ತಿರುಗಿ ಎಣಿಸಿರಿ. ಹತ್ತು ನಾಯಿ ಕಂಡರೆ ಏಳರ ಮೇಲೆ ಬಣ್ಣವಿರಬೇಕು. ಇಲ್ಲದಿದ್ದರೆ ಆ ಓಣಿಗೆ ಇನ್ನೊಮ್ಮೆ ಹೋಗಬೇಕು. ಊರಿನ ಒಟ್ಟು ಲೆಕ್ಕ ಸರಿಯಿದ್ದು ಒಂದು ಓಣಿ ಪೂರ್ತಿ ಬಿಟ್ಟುಹೋಗಿದ್ದರೆ ರೋಗ ಆ ಓಣಿಯಲ್ಲಿ ಉಳಿದುಕೊಳ್ಳುತ್ತದೆ.

6. ಪುಸ್ತಕದಲ್ಲಿ ಬರೆದಿಡಿ. ದಿನಾಂಕ, ಓಣಿ, ನಾಯಿಗಳ ಸಂಖ್ಯೆ, ಲಸಿಕೆ ಆದವು ಎಷ್ಟು. ಮುಂದಿನ ವರ್ಷ ಅದೇ ತಿಂಗಳು ಮತ್ತೆ ಮಾಡಿರಿ.

7. ಎಂಜಲು, ಕಸ ಬಯಲಿಗೆ ಸುರಿಯಬೇಡಿ. ಮದುವೆ, ಜಾತ್ರೆ, ದಾಸೋಹ ಮುಗಿದ ಮೇಲೆ ಎಂಜಲೆಲೆಗಳನ್ನು ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿರಿ. ಊರು ಎಷ್ಟು ಎಂಜಲು ಚೆಲ್ಲುತ್ತದೆಯೋ ಅಷ್ಟು ನಾಯಿಗಳನ್ನು ಸಾಕುತ್ತದೆ.

8. ಅನುಮಾನ ಬಂದ ಕೂಡಲೇ ತಿಳಿಸಿರಿ. ಹುಚ್ಚು ಹಿಡಿದಂತೆ ಕಾಣುವ ನಾಯಿಯ ಬಗ್ಗೆ ಪಂಚಾಯಿತಿಗೆ ಹಾಗೂ ಪಶು ಆಸ್ಪತ್ರೆಗೆ ಹೇಳಿರಿ. ಪಶುಪಾಲನಾ ಇಲಾಖೆಯ 1962 ಸಂಖ್ಯೆಗೂ ಕರೆ ಮಾಡಬಹುದು. ಅಂಥ ನಾಯಿ ಸತ್ತರೆ ಬರಿಗೈಯಿಂದ ಮುಟ್ಟಬೇಡಿ. ಮಾದರಿಯನ್ನು ಪರೀಕ್ಷೆಗೆ ಕಳುಹಿಸುವ ವ್ಯವಸ್ಥೆ ಪಶುವೈದ್ಯರಿಗೆ ಗೊತ್ತು. ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ಪ್ರಯೋಗಾಲಯವಿದೆ.

ಮಕ್ಕಳಿಗೆ ಇಷ್ಟು ಹೇಳಿಕೊಡಿ

ತಿನ್ನುವ ನಾಯಿ, ಮಲಗಿದ ನಾಯಿ, ಮರಿಗಳ ಜೊತೆಗಿರುವ ನಾಯಿಯ ಹತ್ತಿರ ಹೋಗಬಾರದು. ನಾಯಿ ಬೆನ್ನಟ್ಟಿದರೆ ಓಡಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಕೈಗಳನ್ನು ಮೈಗೆ ಅಂಟಿಸಿ ಮರದ ಹಾಗೆ ನಿಲ್ಲಬೇಕು. ಕೆಳಗೆ ಬಿದ್ದರೆ ಕಲ್ಲಿನ ಹಾಗೆ ಮುದುಡಿ, ಮುಖ ಮತ್ತು ಕುತ್ತಿಗೆಯನ್ನು ಕೈಯಿಂದ ಮುಚ್ಚಿಕೊಳ್ಳಬೇಕು. ನಾಯಿ ಕಚ್ಚಿದರೂ ಪರಚಿದರೂ ಆ ದಿನವೇ ಮನೆಯಲ್ಲಿ ಹೇಳಬೇಕು. ಬೈಯುತ್ತಾರೆ, ಸೂಜಿ ಚುಚ್ಚುತ್ತಾರೆ ಎಂದು ಹೆದರಿ ಮಕ್ಕಳು ಮುಚ್ಚಿಡುತ್ತಾರೆ. ಆದ್ದರಿಂದ ಹೇಳಿದ ಮಗುವನ್ನು ಬೈಯಬೇಡಿ.

ದನಕರುಗಳ ವಿಷಯ

ಹುಚ್ಚುನಾಯಿ ಕೊಟ್ಟಿಗೆಗೂ ನುಗ್ಗುತ್ತದೆ. ಎತ್ತು, ಆಕಳು, ಎಮ್ಮೆಗೆ ಕಚ್ಚಿದರೆ ಕೈಗೆ ಏನಾದರೂ ಸುತ್ತಿಕೊಂಡು ಗಾಯವನ್ನು ಸೋಪಿನಿಂದ ತೊಳೆದು ಅದೇ ದಿನ ಪಶುವೈದ್ಯರಿಗೆ ತೋರಿಸಿರಿ. ಅವುಗಳಿಗೂ ಕಡಿತದ ನಂತರ ಹಾಕುವ ಲಸಿಕೆ ಇದೆ. ದನ ಜೊಲ್ಲು ಸುರಿಸುತ್ತಾ, ವಿಚಿತ್ರವಾಗಿ ಕೂಗುತ್ತಾ, ಮೇವು ನುಂಗಲಾರದೆ ಇದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಕೈ ಹಾಕಬೇಡಿ. ಕೈ ಹಾಕಿದ್ದರೆ, ಕೈಯಲ್ಲಿ ಗಾಯವಿದ್ದರೆ ತಕ್ಷಣ ಆಸ್ಪತ್ರೆಗೆ ಬನ್ನಿರಿ. ಅಂಥ ದನದ ಹಾಲನ್ನು ಬಳಸಬೇಡಿ. ಗೊತ್ತಿಲ್ಲದೆ ಚೆನ್ನಾಗಿ ಕಾಯಿಸಿದ ಹಾಲು ಕುಡಿದಿದ್ದರೆ ಹೆದರಬೇಕಾಗಿಲ್ಲ. ಹಸಿ ಹಾಲು ಕುಡಿದಿದ್ದರೆ ವೈದ್ಯರನ್ನು ಕೇಳಿರಿ.

ನೀವು ಕೇಳುವ ಪ್ರಶ್ನೆಗಳು

ಪಥ್ಯ ಮಾಡಬೇಕೇ? ಬದನೆಕಾಯಿ, ಎಣ್ಣೆ ಪದಾರ್ಥ ತಿನ್ನಬಹುದೇ?
ಈ ಲಸಿಕೆಗೆ ಪಥ್ಯವಿಲ್ಲ. ಮನೆಯ ಊಟ ಎಂದಿನಂತೆ ಮಾಡಿರಿ. ಮದ್ಯ ಸೇವನೆ ಬೇಡ.

ಬಸುರಿ ಮತ್ತು ಬಾಣಂತಿಯರು ಹಾಕಿಸಿಕೊಳ್ಳಬಹುದೇ?
ಹಾಕಿಸಿಕೊಳ್ಳಲೇಬೇಕು. ತಾಯಿಗೂ ಮಗುವಿಗೂ ಇದರಿಂದ ತೊಂದರೆಯಿಲ್ಲ. ಹಸುಗೂಸಿಗೆ ಕಚ್ಚಿದರೂ ಇದೇ ಲಸಿಕೆ.

ಒಂದು ಸೂಜಿ ತಪ್ಪಿದೆ. ಮತ್ತೆ ಮೊದಲಿನಿಂದ ಹಾಕಬೇಕೇ?
ಬೇಡ. ನೆನಪಾದ ದಿನವೇ ಬನ್ನಿರಿ, ನಿಂತಲ್ಲಿಂದ ಮುಂದುವರಿಸುತ್ತೇವೆ. ತಡವಾಯಿತೆಂದು ನಾಚಿಕೊಂಡು ಬಾರದೆ ಇರುವುದೇ ತಪ್ಪು.

ಹಿಂದೆ ಒಮ್ಮೆ ಪೂರ್ತಿ ಕೋರ್ಸ್ ಆಗಿದೆ. ಮತ್ತೆ ಕಚ್ಚಿದೆ, ಏನು ಮಾಡಬೇಕು?
ಗಾಯ ತೊಳೆದು ಬನ್ನಿರಿ. ಹಳೆಯ ಚೀಟಿ ತನ್ನಿರಿ. ಅಂಥವರಿಗೆ 0 ಮತ್ತು 3ನೇ ದಿನದ ಎರಡು ಸಲ ಸಾಕು, ಸೀರಂ ಬೇಕಾಗುವುದಿಲ್ಲ.

ಕಚ್ಚಿದ ನಾಯಿಗೆ ಲಸಿಕೆ ಆಗಿದೆ. ನಮಗೆ ಸೂಜಿ ಬೇಕೇ?
ಮೊದಲು ಬಂದು ಸೂಜಿ ಆರಂಭಿಸಿರಿ. ನಾಯಿಯ ಲಸಿಕೆಯ ಕಾರ್ಡ್ ತನ್ನಿರಿ. ನಿರ್ಧಾರ ವೈದ್ಯರದ್ದು.

ಖರ್ಚು ಹೇಗೆ?
ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆ ಉಚಿತ. ದೂರದ ಊರಿನವರು ಮೊದಲ ಸೂಜಿ ಇಲ್ಲಿ ಹಾಕಿಸಿಕೊಂಡು ಉಳಿದವನ್ನು ನಿಮ್ಮ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮುಂದುವರಿಸಬಹುದು. ಚೀಟಿಯನ್ನು ಮಾತ್ರ ಜೋಪಾನವಾಗಿಡಿ.

ಕೊನೆಯದಾಗಿ

ನಾಯಿ ನಮ್ಮ ಊರಿನ ಹಳೆಯ ಕಾವಲುಗಾರ. ಹೊಲ, ಕಣ, ಕುರಿಹಟ್ಟಿಗಳನ್ನು ಕಾಯ್ದಿದೆ. ಮೈಲಾರಲಿಂಗನ ಭಕ್ತರಲ್ಲಿ ನಾಯಿಗೆ ಗೌರವದ ಸ್ಥಾನವಿದೆ. ಮೂಕ ಪ್ರಾಣಿಗೆ ದಯೆ ತೋರಬೇಕು ಎಂಬುದು ಶರಣರ ದಾರಿ. ಆ ದಯೆ ರೊಟ್ಟಿ ಹಾಕುವುದರಲ್ಲೇ ಮುಗಿಯಬಾರದು. ರೊಟ್ಟಿ ಹಾಕುವ ಕೈ ವರ್ಷಕ್ಕೊಮ್ಮೆ ಆ ನಾಯಿಯನ್ನು ಲಸಿಕೆಗೂ ಹಿಡಿದುಕೊಡಬೇಕು. ಊರಿಗಾಗಿ ಎಲ್ಲರೂ ಸೇರಿ ಮಾಡುವ ಇಂಥ ಕೆಲಸವೂ ದಾಸೋಹವೇ.

ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಯೋಜನೆಯ ಗುರಿ, 2030ರ ವೇಳೆಗೆ ನಾಯಿಯಿಂದ ಬರುವ ರೇಬೀಸ್ ಅನ್ನು ದೇಶದಿಂದ ತೊಲಗಿಸುವುದು. ಆ ಗುರಿ ದೆಹಲಿಯಲ್ಲಿ ಮುಟ್ಟುವಂಥದ್ದಲ್ಲ, ನಿಮ್ಮ ಓಣಿಯಲ್ಲಿ ಮುಟ್ಟಬೇಕಾದದ್ದು.

ಇಂದು ನೀವು ಇಲ್ಲಿಂದ ಊರಿಗೆ ಹೋಗುವಾಗ ಮೂರು ಮಾತು ನೆನಪಿಡಿ:

ಕಚ್ಚಿದರೆ 15 ನಿಮಿಷ ಸೋಪಿನಿಂದ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಬನ್ನಿರಿ.
ಗಾಯ ಮಾಯ್ದರೂ ಕೊನೆಯ ಸೂಜಿಯವರೆಗೂ ಬನ್ನಿರಿ.
ಊರಿನ ಹತ್ತು ನಾಯಿಗಳಲ್ಲಿ ಏಳಕ್ಕೆ, ಪ್ರತಿ ವರ್ಷ, ಲಸಿಕೆ ಹಾಕಿಸಿರಿ.

ಏನೇ ಸಂದೇಹವಿದ್ದರೂ ಇಂಜೆಕ್ಷನ್ ಕೊಠಡಿಯ ಸಿಸ್ಟರ್‌ಗಳನ್ನು ಸಂಕೋಚವಿಲ್ಲದೆ ಕೇಳಿರಿ. ಓದಿದ ಮೇಲೆ ಈ ಪುಸ್ತಿಕೆಯನ್ನು ಬಿಸಾಡದೆ ನಿಮ್ಮೂರಿನ ಶಾಲೆಯ ಗುರುಗಳಿಗೋ ಪಂಚಾಯಿತಿ ಸದಸ್ಯರಿಗೋ ಕೊಡಿರಿ.

ಎಲ್ಲರಿಗೂ ಒಳಿತಾಗಲಿ.